ಒಂದು ಪದ್ಯಕ್ಕೆ ನಲವತ್ತು ಎಳೆ

ಎರ್ರಮ್ಮನ ಮನೆಯಲ್ಲಿ ಎಳೆ ಕೆಚ್ಚುವ ದಿನ ಕುಕ್ಕರು ಕೂಗುವಂತಿರಲಿಲ್ಲ, ಒರಳುಗುಂಡು ತಿರುಗುವಂತಿರಲಿಲ್ಲ. ಟಿವಿಯ ಮಾತಂತೂ ಬಿಡಿ, ಮುಂಬಾಗಿಲ ಚಿಲಕಕ್ಕೂ ಹಳೆಯ ಬಟ್ಟೆಯ ಚೂರು ಸುತ್ತಿರುತ್ತಿತ್ತು. ಮೊಳಕಾಲ್ಮೂರಿನ ಆ ಓಣಿಯಲ್ಲಿ ಹಾಲಿನವನು ಉಳಿದ ಮನೆಗಳ ಮುಂದೆ ಕೂಗಿ, ಆ ಮನೆಯ ಮುಂದೆ ಮಾತ್ರ ಕೆಮ್ಮಿ, ಕ್ಯಾನು ಇಟ್ಟು ಹೋಗುತ್ತಿದ್ದ.

ಮಗ್ಗದ ಮೇಲಿನ ಹಾಸು ಮುಗಿಯುತ್ತಾ ಬಂದಾಗ ಅದರ ತುದಿಗೆ ಹೊಸ ಹಾಸಿನ ತುದಿಯನ್ನು ಸೇರಿಸಬೇಕು. ಹಾಸೆಂದರೆ ಸೀರೆಯ ಉದ್ದಕ್ಕೆ ಓಡುವ ರೇಷ್ಮೆಯ ಎಳೆಗಳು, ಒಂದೊಂದೂ ಕೂದಲಿಗಿಂತ ಸಣ್ಣ. ಹಳೆಯದೊಂದನ್ನು ಹಿಡಿದು, ಹೊಸದೊಂದನ್ನು ಹಿಡಿದು, ಬೆರಳ ತುದಿಗೆ ಬೂದಿ ಮುಟ್ಟಿಸಿಕೊಂಡು ಎರಡನ್ನೂ ಹೊಸೆದು ಒಂದು ಮಾಡಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಅಂಚು ಬಿಟ್ಟು ಸೀರೆಯ ಒಡಲಿಗೇ ಅಂಥ ಎಳೆ ನಾಲ್ಕು ಸಾವಿರ.

ಎರ್ರಮ್ಮ ಅವನ್ನು ಎಣಿಸುತ್ತಿರಲಿಲ್ಲ. ಪದ್ಯ ಹೇಳುತ್ತಿದ್ದಳು. ಅವಳ ಅಜ್ಜಿಗೆ ಅವರ ಅಜ್ಜಿಯಿಂದ ಬಂದ ನೂರು ಪದ್ಯ, ಎಲ್ಲವೂ ಮನೆದೇವರು ಅವ್ವನ ಮೇಲೆ. ಒಂದು ಪದ್ಯಕ್ಕೆ ನಾಲ್ಕು ಸಾಲು, ಒಂದು ಸಾಲನ್ನು ಹತ್ತು ಎಳೆತಕ್ಕೆ ನಿಧಾನವಾಗಿ ಎಳೆದರೆ ಹತ್ತು ಎಳೆ ಕೆಚ್ಚಿ ಮುಗಿದಿರುತ್ತಿತ್ತು. ಪದ್ಯ ಮುಗಿದಾಗ ನಲವತ್ತು ಎಳೆಗೆ ಒಂದು ಕಟ್ಟು ಹಾಕುತ್ತಿದ್ದಳು. ನೂರು ಕಟ್ಟು ಆದಾಗ ಒಡಲು ಮುಗಿಯಿತು, ಅವ್ವನ ಪೂಜೆಯೂ ಮುಗಿಯಿತು. ಮನೆಮಾತು ತೆಲುಗಾದರೂ ಪದ್ಯಗಳು ಕನ್ನಡದವು. ಮಗನನ್ನು ಬೈಯೋಕೆ ಒಂದು ಮಾತು, ದೇವರನ್ನು ಕೇಳೋಕೆ ಒಂದು ಮಾತು ಬೇಕಲ್ಲ, ಎರಡಕ್ಕೂ ಒಂದೇ ಆದರೆ ಅವ್ವ ತನಗೇ ಬೈದಳು ಅಂದುಕೊಂಡರೆ ಏನು ಗತಿ ಎಂದು ಅವಳು ನಗುತ್ತಿದ್ದಳು.

ಈ ಮನೆಗೆ ಸೊಸೆಯಾಗಿ ಬಂದ ತೇಜಶ್ರೀಗೆ ಬೇಕಾಗಿದ್ದದ್ದು ಒಂದೇ. ಆ ಹಾಸಿನ ಮುಂದೆ, ಅತ್ತೆಯ ಎದುರಿಗೆ ಕೂತು ಎಳೆ ಕೆಚ್ಚುವುದು. ಅಲ್ಲಿ ಮೊದಲು ಪಕ್ಕದ ಮನೆಯ ಕೊಟ್ರಮ್ಮ ಕೂರುತ್ತಿದ್ದಳು. ಅವಳು ರಾಯದುರ್ಗದ ಮಗಳ ಮನೆಗೆ ಹೋದ ಮೇಲೆ ಆ ಜಾಗ ಖಾಲಿಯೇ ಇತ್ತು. ತೇಜಶ್ರೀಯ ಮುತ್ತಾತನೂ ನೇಕಾರನೇ. ಮಗ್ಗ ಬಿಟ್ಟು ನನ್ನಿವಾಳದಲ್ಲಿ ಹೊಲ ಹಿಡಿದ ಮೇಲೆ ಅವನ ಮನೆತನದವರು ತೆಲುಗನ್ನೂ ಮರೆತರು, ರೇಷ್ಮೆಯನ್ನೂ ಮರೆತರು. ನೆನಪಿದ್ದದ್ದು ಶೇಂಗಾ. ಬುಡ ಕೀಳುವುದು, ಕಾಯಿ ಬಿಡಿಸುವುದು, ಒಣ ಮಣ್ಣಿನಲ್ಲಿ ಬೆರಳಾಡಿಸಿ ಉದುರಿದ ಕಾಯಿ ಹುಡುಕುವುದು. ಇಪ್ಪತ್ತೈದು ವರ್ಷ ಅದನ್ನೇ ಮಾಡಿದ ಕೈ ಅವಳದು.

ಮದುವೆಯಾದ ಮೊದಲ ಶುಕ್ರವಾರ ಎರ್ರಮ್ಮ ಅವಳ ಅಂಗೈ ಬಿಡಿಸಿ ಅದರ ಮೇಲೆ ಒಂದು ರೇಷ್ಮೆ ಎಳೆಯನ್ನು ಮೆಲ್ಲಗೆ ಎಳೆದಿದ್ದಳು. ಎಳೆ ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದಾಗ ನಡುಬೆರಳಲ್ಲಿ ಸಿಕ್ಕಿ ಸೀಳಿತು. ಎರ್ರಮ್ಮ ಬೈಯಲಿಲ್ಲ. "ಇಂಕಾ ಲೇದು, ಅಮ್ಮಾಯಿ" ಅಂದಳು. ಇನ್ನೂ ಇಲ್ಲ ಹುಡುಗಿ ಅಂತ. ಆಮೇಲೆ ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡ ಮೇಲೆ ತೇಜಶ್ರೀ ತಾನಾಗಿ ಹೋಗಿ ಅಂಗೈ ಚಾಚುವಳು, ಎಳೆ ಎಲ್ಲಾದರೂ ಸಿಕ್ಕುವುದು, ಅತ್ತೆ ಅದೇ ಮಾತು ಅನ್ನುವಳು.

ಸಿಕ್ಕದೆ ಏನು ಮಾಡೀತು? ಮುದ್ದೆ ತಿರುವಬೇಕು, ಒರಳಲ್ಲಿ ಖಾರ ರುಬ್ಬಬೇಕು, ಜೋಳದ ರೊಟ್ಟಿ ತಟ್ಟಬೇಕು, ಬೂದಿಯಲ್ಲಿ ಪಾತ್ರೆ ತಿಕ್ಕಬೇಕು. ಒಂದು ವಾರ ಮೆತ್ತಗಾದ ಚರ್ಮ ಮುಂದಿನ ವಾರ ಮತ್ತೆ ಬಿರಿಯುತ್ತಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಶೇಂಗಾ ಸುಗ್ಗಿಗೆ ತವರಿಗೆ ಹೋದವಳು ತಿರುಗಿ ಬರುವಾಗ, ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಆ ಮೆಷಿನ್ನನ್ನು ಕಂಡಳು. ಜೊತೆಗೆ ತಮ್ಮ ವೀರೇಶ ಇದ್ದ, ಅಲ್ಲಿಯೇ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಅಂಗಡಿಯವನು ಗಾಜಿನ ಮುಚ್ಚಳದ ಪಾತ್ರೆಗೆ ಹಿಟ್ಟು ಹಾಕಿ, ನೀರು ಹೊಯ್ದು, ಗುಂಡಿ ಒತ್ತಿ ಕೈಕಟ್ಟಿ ನಿಂತ. ಒಳಗೆ ಹಿಟ್ಟು ತನಗೆ ತಾನೇ ಹೊರಳಿತು, ಮಡಿಸಿಕೊಂಡಿತು, ನಿದ್ದೆಯಲ್ಲಿ ಮಗ್ಗಲು ಬದಲಿಸುವ ಮಗುವಿನ ಹಾಗೆ ಉಸಿರು ಬಿಟ್ಟಿತು. ಅದು ರುಬ್ಬುತ್ತದೆ, ನಾದುತ್ತದೆ, ಬೇಯಿಸುತ್ತಾ ಕಲಕುತ್ತದೆ, ಹಬೆಯಲ್ಲಿ ಇಡ್ಲಿ ಮಾಡುತ್ತದೆ, ಇನ್ನೊಂದು ಮುಚ್ಚಳ ಹಾಕಿದರೆ ಬನ್ನೂ ಸುಡುತ್ತದೆ ಎಂದು ಅಂಗಡಿಯವನು ಹೇಳುತ್ತಲೇ ಇದ್ದ. ತೇಜಶ್ರೀ ಮೆಷಿನ್ನನ್ನು ನೋಡುವುದು ಬಿಟ್ಟು ತನ್ನ ಕೈ ನೋಡಿಕೊಂಡಳು.

ವೀರೇಶ ಅದನ್ನು ಗಮನಿಸಿದ್ದಿರಬೇಕು. ಸಂಕ್ರಾಂತಿಗೆ ಅವನು ಅದನ್ನೇ ಟವೆಲ್ಲಿನಲ್ಲಿ ಸುತ್ತಿ, ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಬಸ್ಸಿನಲ್ಲಿ ಒಬ್ಬ ಮುದುಕಿ ಒಳಗೆ ಯಾವ ದೇವರು ಅಂತ ಕೇಳಿ ಕೈಮುಗಿದಳಂತೆ. ಅನ್ನಪೂರ್ಣಮ್ಮ ಅಂದೆ ಎಂದು ಅವನು ಹೇಳಿದಾಗ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಅವನ ಭಾವ, ತೇಜಶ್ರೀಯ ಗಂಡ ನಾಗಾರ್ಜುನ ನಕ್ಕು ಲಾಳಿಯನ್ನೇ ಬಿಟ್ಟ. ಎರ್ರಮ್ಮ ನಗಲಿಲ್ಲ. ಮೆಷಿನ್ನಿನ ಸುತ್ತ ಒಂದು ಸುತ್ತು ಬಂದಳು.

"ಕೂಗುತ್ತಾ ಇದು?"

"ಇಲ್ರೀ ಅತ್ತೆ, ಗುಸುಗುಸು ಅನ್ನುತ್ತೆ ಅಷ್ಟೇ. ಮುದ್ದೆ ತಿರುವೋಕೆ ಎಷ್ಟು ಬೇಕೋ ಅಷ್ಟೇ ಸದ್ದು," ಎಂದಳು ತೇಜಶ್ರೀ.

"ಕೆಚ್ಚೋ ದಿನ ಮಾತ್ರ ಅದು ಬಾಯಿ ತೆಗೀಬಾರ್ದು ನೋಡು. ತೆಗೆದ್ರೆ ಅದೂ ಹೊರಗೆ, ಅದನ್ನ ತಂದ ತಮ್ಮನೂ ಹೊರಗೆ."

ಮೊದಮೊದಲು ಎಲ್ಲವೂ ತಪ್ಪಾಯಿತು. ಮೊದಲ ದಿನದ ಮುದ್ದೆ ಗೋಡೆಗೆ ಬಳಿಯುವ ಹಾಗಿತ್ತು. ನಾಗಾರ್ಜುನ ಅದನ್ನು ಲೋಟದಲ್ಲಿ ಕುಡಿದು ಚೆನ್ನಾಗಿದೆ ಅಂದ. ಎರಡನೆಯ ದಿನ ನೀರು ಕಡಿಮೆಯಾಗಿ ಒಳಗೆ ಅಲಗು ಸಿಕ್ಕಿಕೊಂಡಿತು. ಒಂದು ವಾರಕ್ಕೆ ಹಿಟ್ಟಿನ ಅಳತೆ ಕೈಗೆ ಬಂತು. ರಾಗಿ ಹಿಟ್ಟು ಕುದಿಯುವ ನೀರಲ್ಲಿ ಗಂಟಿಲ್ಲದೆ ತಿರುಗಿ, ಕೊನೆಗೆ ಎಣ್ಣೆ ಸವರಿದ ತಟ್ಟೆಗೆ ಕವುಚಿದಾಗ ಅಂಚೆಲ್ಲ ಮಿರಮಿರ ಅನ್ನುತ್ತಿತ್ತು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ನಾಲ್ಕು ಸಲ ಗುಂಡಿ ಒತ್ತಿ ಬಿಟ್ಟರೆ ಚಟ್ನಿ ಪುಡಿ ತರಿತರಿಯಾಗಿ ಬರುತ್ತಿತ್ತು, ಐದು ಸಲ ಒತ್ತಿದರೆ ಎಣ್ಣೆ ಬಿಟ್ಟು ಅಂಟಾಗುತ್ತಿತ್ತು. ಹೋಳಿಗೆಯ ಕಣಕವನ್ನಂತೂ ಅದು ಎಷ್ಟು ಹೊತ್ತು ನಾದುತ್ತಿತ್ತೆಂದರೆ, ಬೆರಳಿಂದ ಎತ್ತಿದರೆ ನೀರಿನ ಹಾಗೆ ಜೋತು ಬೀಳುತ್ತಿತ್ತು. ಒಳಗೆ ಬೆಲ್ಲದ ಜೊತೆ ಕುಟ್ಟಿದ ಶೇಂಗಾ ತುಂಬಿ ಲಟ್ಟಿಸಿದರೆ ಬೆಳಕು ಹಾಯುವಷ್ಟು ತೆಳ್ಳಗೆ ಹರಡುತ್ತಿತ್ತು. ಎರ್ರಮ್ಮ ಮೆಷಿನ್ನನ್ನು ಹೊಗಳಲಿಲ್ಲ. ಮೂರನೆಯ ಹೋಳಿಗೆಗೆ ಕೈ ಚಾಚುವಾಗ ನಿನ್ನ ತಮ್ಮ ಚೆನ್ನಾಗಿದ್ದಾನಾ ಎಂದು ಮಾತ್ರ ಕೇಳಿದಳು.

ಕೆಲಸ ಹಾಗೆ ತನ್ನ ಪಾಡಿಗೆ ಆಗುತ್ತಿರುವಾಗ ತೇಜಶ್ರೀಯ ಕೈಗೆ ಬಿಡುವು ಬಂತು. ಕೈಗೆ ಬಿಡುವಾದಾಗ ಕಿವಿಗೆ ಕೆಲಸ ಸಿಕ್ಕಿತು. ಅಡುಗೆಮನೆಗೂ ಮಗ್ಗದ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ, ಅದೂ ಪೂರ್ತಿ ಮೇಲೆ ಹೋಗದ ಗೋಡೆ. ಕೆಚ್ಚುವ ದಿನ ಅದರ ಮೇಲಿಂದ ಪದ್ಯ ಹರಿದು ಬರುತ್ತಿತ್ತು. ಮಾಡಿನ ಗಾಜಿನ ಹೆಂಚಿನಿಂದ ಒಂದು ಚೌಕದ ಬಿಸಿಲು ಇಳಿದು ಅಕ್ಕಿ ಡಬ್ಬದಿಂದ ಉಪ್ಪಿನ ಮಡಕೆಗೆ, ಅಲ್ಲಿಂದ ನೆಲಕ್ಕೆ ಮೆಲ್ಲಗೆ ನಡೆಯುತ್ತಿತ್ತು. ಮೆಷಿನ್ನು ಗುಸುಗುಸು ಅನ್ನುತ್ತಿತ್ತು. ಅತ್ತೆಯ ಒಂದು ಸಾಲು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಟ್ಟಿತೋ ಗೊತ್ತೇ ಆಗದಷ್ಟು ಉದ್ದವಾಗಿ ಎಳೆದು, ಕೊನೆಯಲ್ಲಿ ಒಮ್ಮೆಗೆ ಮಡಿಸಿಕೊಳ್ಳುತ್ತಿತ್ತು. ತೇಜಶ್ರೀಗೆ ಒಮ್ಮೊಮ್ಮೆ ತಾನು ಅಡುಗೆಮನೆಯಲ್ಲಿ ನಿಂತಿಲ್ಲ, ಆ ಸಾಲಿನ ಮೇಲೆ ಎಲ್ಲೋ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು. ತವರಿನ ಕಡೆಯ ಉಳ್ಳಾರ್ತಿ ಕಾವಲಿನ ಹುಲ್ಲಿನ ಮೇಲೆ ಗಾಳಿ ಬೀಸುವಾಗ ಒಂದು ಅಲೆ ಈ ತುದಿಯಿಂದ ಆ ತುದಿಗೆ ಹೋಗುತ್ತದಲ್ಲ, ಹಾಗೆ. ಯಾವ ಪದ್ಯವನ್ನೂ ಅವಳು ಕಲಿಯಬೇಕೆಂದು ಕಲಿಯಲಿಲ್ಲ. ನೆನೆಸಿಟ್ಟ ಕಾಳು ನೀರು ಕುಡಿದ ಹಾಗೆ ಕುಡಿದಳು.

ಹೀಗಿರುವಾಗ ಒಂದು ಶುಕ್ರವಾರ, ಎರ್ರಮ್ಮ ಅವಳ ಅಂಗೈ ಮೇಲೆ ಎಳೆದ ರೇಷ್ಮೆ ಎಲ್ಲೂ ನಿಲ್ಲಲಿಲ್ಲ. ಹೆಬ್ಬೆರಳ ಬುಡದಿಂದ ಕಿರುಬೆರಳ ತುದಿಯವರೆಗೆ ಹೋಯಿತು. ಎರ್ರಮ್ಮ ಇನ್ನೊಂದು ಕೈ ಕೇಳಿದಳು. ಅಲ್ಲಿಯೂ ಹೋಯಿತು. ಬರುವ ವಾರ ಕೆಚ್ಚುವ ಈ ಹಾಸು ರಾಯದುರ್ಗದ ಮದುವೆಯದು, ಅವಸರದ್ದು, ಇದನ್ನು ನಾನೇ ಮುಗಿಸುತ್ತೇನೆ, ಮುಂದಿನ ಹಾಸು ಕೆಚ್ಚುವಾಗ ನೀನು ಎದುರಿಗೆ ಕೂತ್ಕೋ ಅಂದಳು. ಅಷ್ಟೇ ಅಂದದ್ದು. ತೇಜಶ್ರೀ ಆ ದಿನವೆಲ್ಲ ಏನನ್ನೂ ಗಟ್ಟಿಯಾಗಿ ಹಿಡಿಯಲಿಲ್ಲ.

ಆ ಸಂತೋಷವೇ ಅವಳಿಂದ ತಪ್ಪು ಮಾಡಿಸಿತು. ಕೆಚ್ಚುವ ಮೊದಲ ದಿನ ಬರೀ ಮಜ್ಜಿಗೆ, ಮುದ್ದೆ, ಸೊಪ್ಪಿನ ಸಾರು ಎಂದು ತೀರ್ಮಾನವಾಗಿತ್ತು. ಅವು ಸದ್ದಿಲ್ಲದೆ ಆಗುವಂಥವು. ಆದರೆ ನಾಗಾರ್ಜುನನಿಗೆ ಬೇಕರಿಯ ಬನ್ನೆಂದರೆ ಪ್ರಾಣ, ಮೆಷಿನ್ನಿನ ಎರಡನೆಯ ಮುಚ್ಚಳವನ್ನು ಆವರೆಗೆ ಡಬ್ಬದಿಂದ ತೆಗೆದೇ ಇರಲಿಲ್ಲ. ಇವತ್ತು ಒಂದು ಸಿಹಿ ಮಾಡದೆ ಹೇಗೆ ಅನ್ನಿಸಿತು ಅವಳಿಗೆ. ಬೆಳಿಗ್ಗೆಯೇ ಹಾಲು, ಈಸ್ಟು, ಮೈದಾ ಹಾಕಿ ನಾದಲು ಬಿಟ್ಟಳು. ಹಿಟ್ಟು ಉಬ್ಬಿ ಮುಚ್ಚಳದ ಗಾಜಿಗೆ ಕೆನ್ನೆ ತಾಗಿಸಿತು. ಆರು ಉಂಡೆ ಮಾಡಿ, ಒಳಗೆ ಬೆಲ್ಲ ಶೇಂಗಾ ಇಟ್ಟು, ಮೇಲೆ ಹಾಲು ಸವರಿ, ಹೊಸ ಮುಚ್ಚಳ ಹಾಕಿ ಗುಂಡಿ ಒತ್ತಿದಳು. ಮನೆಯೆಲ್ಲ ಮೆಲ್ಲಗೆ ಘಮ ತುಂಬಿತು. ಗೋಡೆಯಾಚೆ ಅತ್ತೆಯ ದನಿ ಇತ್ತು. ಕೆರೆಯ ಪದ್ಯ ನಡೆದಿತ್ತು, ತೇಜಶ್ರೀಗೆ ಎಲ್ಲಕ್ಕಿಂತ ಹಿಡಿಸಿದ್ದು:

ಕೆರೆಯ ಕಲ್ಲಿನ ಮೇಲೆ ಕುಳಿತಾಳೆ ನಮ್ಮವ್ವ
ಕಾಲ ಕೆಸರಲ್ಲಿ ನೂಲ ಕಂಡಾಳೆ
ತೊಳೆದಷ್ಟು ಬಿಳುಪಾಗಿ ಬಿಚ್ಚಿತು ಎಳೆಯೊಂದು
ನೀರಿಗೂ ಸೀರೆ ಉಡಿಸ್ಯಾಳೆ

ಮೂರನೆಯ ಸಾಲಿನ ನಡುವೆ ಮೆಷಿನ್ನು ಕೂಗಿತು. ಗುಸುಗುಸು ಅಲ್ಲ, ಕೀ ಎಂದು, ಮೂರು ಸಲ. ಹೊಸ ಮುಚ್ಚಳಕ್ಕೆ ಅದರದೇ ಒಂದು ಕೂಗು ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತೇಜಶ್ರೀ ಓಡಿ ಹೋಗಿ ವೈರು ಕಿತ್ತಳು. ಗೋಡೆಯಾಚೆ ಪದ್ಯ ನಿಂತಿತ್ತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ 'ಬಿಚ್ಚಿತು' ಎಂಬುದನ್ನು ಇನ್ನೊಮ್ಮೆ ಹೇಳಿ ಸಾಲು ಮುಂದಕ್ಕೆ ಹೋಯಿತು. ಯಾರೂ ಬಂದು ಕೇಳಲಿಲ್ಲ. ಮಧ್ಯಾಹ್ನ ಎರ್ರಮ್ಮ ಎರಡು ಬನ್ನು ತಿಂದಳು, ಹೊರಗಿಂದ ತರಿಸಿದೆಯಾ ಎಂದಳು, ಇಲ್ಲ ಎಂದಾಗ ಒಂದು ಚೂರು ನಕ್ಕಳು. ಆಗ ಓಣಿಯಲ್ಲಿ ಯಾವುದೋ ಮೋಟರ್ ಸೈಕಲ್ಲು ಹಾರನ್ ಹೊಡೀತು ಅಂದಳು. ತೇಜಶ್ರೀ ತಿದ್ದಲಿಲ್ಲ.

ಮರುದಿನ ಹೊತ್ತು ಇಳಿಯುವಾಗ ನೂರನೆಯ ಪದ್ಯ ಬಂತು. ಕೊನೆಯ ಸಾಲು, ಕೊನೆಯ ಎಳೆತ. ಅಲ್ಲಿಗೆ ದನಿ ನಿಂತುಹೋಯಿತು. ತೇಜಶ್ರೀ ಬಾಗಿಲಿಗೆ ಬಂದು ನೋಡಿದರೆ, ಎರ್ರಮ್ಮನ ಬಲಗೈಯಲ್ಲಿ ಹೊಸ ಹಾಸಿನ ಒಂದು ಹಸಿರು ಎಳೆ ಇತ್ತು. ಎಡಗೈಗೆ ಹಳೆಯ ಹಾಸಿನಲ್ಲಿ ಹಸಿರು ಉಳಿದಿರಲಿಲ್ಲ. ಅಂಚಿನ ಕೆಂಪು ಶುರುವಾಗಿತ್ತು. ನಾಲ್ಕು ಸಾವಿರದಲ್ಲಿ ಎಲ್ಲೋ ಹಳೆಯ ಎಳೆಯೊಂದು ಕೈತಪ್ಪಿತ್ತು. ಅಲ್ಲಿಂದ ಮುಂದೆ ಪ್ರತಿಯೊಂದು ಎಳೆಯೂ ತನ್ನ ಜೊತೆಯನ್ನು ಬಿಟ್ಟು ಪಕ್ಕದ್ದನ್ನು ಕೂಡಿಕೊಂಡಿತ್ತು. ಉಳಿದದ್ದನ್ನು ಅಡ್ಡಡ್ಡ ಎಳೆದು ತಂದು ಕಟ್ಟಿದರೆ ನೇಯುವಾಗ ಅದು ಉಳಿದೆಲ್ಲವನ್ನೂ ಕೊಯ್ಯುತ್ತದೆ.

ನಾಗಾರ್ಜುನ ಬಂದು ಟಾರ್ಚು ಹಿಡಿದ. ಎಲ್ಲಿ ಎಂದು ಹುಡುಕುವುದು? ಕೂದಲ ರಾಶಿಯಲ್ಲಿ ಒಂದು ಕೂದಲು. ಎರ್ರಮ್ಮ ಬೂದಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಮಗನಿಗೆ ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು, ಅಷ್ಟು ತೆಲುಗು ಸೊಸೆಗೂ ಬಂದಿತ್ತು. ತನ್ನ ಕಣ್ಣು ಹೋಯಿತು, ಕೈಗೂ ಭ್ರಮೆ ಹಿಡಿಯಿತು, ಅವ್ವ ಸಾಕು ಅಂದಳು, ಆಚೆ ಓಣಿಯ ಕ್ಯಾತಪ್ಪನ ಮನೆಯವರನ್ನು ಕರೆಸು, ಇನ್ನು ಮುಂದೆ ಅವರೇ ಕೆಚ್ಚಲಿ. ಒಂದು ಸೆರಗನ್ನು ಮಡಿಸಿಟ್ಟಷ್ಟು ಸಹಜವಾಗಿ ಹೇಳಿದಳು. ಅದೇ ತೇಜಶ್ರೀಗೆ ತಡೆಯದಾಯಿತು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೇಳಿದರೆ ಮೆಷಿನ್ನು ಹೋಗುತ್ತದೆ. ಮೆಷಿನ್ನು ಹೋದರೆ ಒರಳು ಬರುತ್ತದೆ, ಒರಳು ಬಂದರೆ ಅಂಗೈ ಮತ್ತೆ ಬಿರಿಯುತ್ತದೆ. ಮುಂದಿನ ಹಾಸು ಎಂಬ ಮಾತು ಇನ್ನು ಎಂದೂ ಬರುವುದಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳದಿದ್ದರೆ ಈ ಮುದುಕಿ ಇನ್ನು ಸಾಯುವ ತನಕ ತನ್ನ ಕೈಯನ್ನು ತಾನೇ ನಂಬುವುದಿಲ್ಲ.

"ಅತ್ತೆ, ನಿಮ್ಮ ಕಣ್ಣಲ್ಲರೀ. ನನ್ನ ಬನ್ನು."

ಇಬ್ಬರೂ ತಿರುಗಿ ನೋಡಿದರು. ಅವಳು ಎಲ್ಲವನ್ನೂ ಹೇಳಿದಳು, ಗುಂಡಿ ಒತ್ತಿದ್ದು, ಮೂರು ಸಲ ಕೂಗಿದ್ದು, ವೈರು ಕಿತ್ತದ್ದು. ಓಣಿಯ ಮೋಟರ್ ಸೈಕಲ್ಲು ಅಲ್ಲ ಅದು ಎಂದಳು.

"ನೀವು ನಿಂತ್ಬಿಟ್ರಿ. ಆಮೇಲೆ 'ಬಿಚ್ಚಿತು' ಅನ್ನೋದನ್ನ ಎರಡು ಸಲ ಅಂದ್ರಿ. ಅಲ್ಲೇ ಕೈತಪ್ಪಿರಬೇಕು."

"ಯಾವ ಪದ್ಯ?" ಎರ್ರಮ್ಮ ಕೇಳಿದಳು.

ಎಷ್ಟನೆಯದೆಂದು ತೇಜಶ್ರೀಗೆ ಗೊತ್ತಿರಲಿಲ್ಲ. ಅವಳಿಗೆ ಪದ್ಯಗಳಿದ್ದವು, ಅಂಕಿಗಳಿರಲಿಲ್ಲ. ಆದ್ದರಿಂದ ಹೇಳಿದಳು. ಕೆರೆಯ ಕಲ್ಲಿನ ಮೇಲೆ ಎಂದು ಶುರುಮಾಡಿ, ಅತ್ತೆ ಎಳೆಯುವಷ್ಟೇ ಎಳೆದು, ಅತ್ತೆ ಮಡಿಸುವಲ್ಲಿ ಮಡಿಸಿ, ನಾಲ್ಕು ಸಾಲು. ಆ ಮನೆಯಲ್ಲಿ ಅವಳ ದನಿ ಹಾಗೆ ಕೇಳಿದ್ದು ಅದೇ ಮೊದಲು. ನಾಗಾರ್ಜುನ ಟಾರ್ಚನ್ನು ಹೆಂಡತಿಯ ಕಡೆಗೇ ತಿರುಗಿಸಿ ಹಿಡಿದದ್ದನ್ನು ಮರೆತೇ ನಿಂತಿದ್ದ.

ಎರ್ರಮ್ಮ ಬೆರಳು ಮಡಿಸುತ್ತಾ ಪದ್ಯಗಳನ್ನು ಮೊದಲಿನಿಂದ ನೆನೆದಳು. ಆಮೇಲೆ ಮೂವತ್ಮೂರು ಎಂದಳು. ಎಡದಂಚಿನಿಂದ ಕಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟುತ್ತಾ ಬಂದಳು. ಮೂವತ್ಮೂರನೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ, ಕಟ್ಟಿನ ನಡುವೆ ಹಳೆಯ ಹಾಸಿನ ಒಂದು ಹಸಿರು ಎಳೆ ಯಾರನ್ನೂ ಕೂಡದೆ ತೂಗುತ್ತಿತ್ತು.

"ಒಲೆ ಮುಂದೆ ನಿಂತು ಇದನ್ನ ಕೇಳ್ತಿದ್ಯಾ ನೀನು?"

"ಕೆಚ್ಚೋವಾಗೆಲ್ಲ ಕೇಳ್ತೀನ್ರಿ."

"ನೂರೂನಾ?"

"ಬಂದಷ್ಟು ಬರ್ತಾವೆ." ತೇಜಶ್ರೀ ತಲೆ ತಗ್ಗಿಸಿದಳು. "ಮೆಷಿನ್ನು ನಾಳೇನೇ ಊರಿಗೆ ಕಳಿಸ್ತೀನ್ರೀ ಅತ್ತೆ. ವೀರೇಶಂಗೆ ಬರೋಕೆ ಹೇಳ್ತೀನಿ."

ಎರ್ರಮ್ಮ ಕತ್ತರಿ ತೆಗೆದುಕೊಂಡಳು. ಮೂವತ್ಮೂರರಿಂದ ಮುಂದಕ್ಕೆ ಒಂದೂವರೆ ದಿನದ ಕೆಲಸವನ್ನು ಕಟ್ಟು ಕಟ್ಟಾಗಿ ಕತ್ತರಿಸತೊಡಗಿದಳು. ಕತ್ತರಿಯ ಸದ್ದಿಗೆ ತೇಜಶ್ರೀ ಒಂದೊಂದು ಸಲವೂ ಕಣ್ಣು ಮುಚ್ಚಿದಳು. ಹತ್ತು ಕಟ್ಟು ಕತ್ತರಿಸಿದ ಮೇಲೆ ಅತ್ತೆ ತಲೆಯೆತ್ತದೆಯೇ ಹೇಳಿದಳು:

"ಕಳಿಸಿದ್ರೆ ನಾಳೆ ಅಡಿಗೆ ಯಾರು ಮಾಡ್ತಾರೆ? ನೀನು ಇಲ್ಲಿ ಕೂತಿರ್ತೀಯಲ್ಲ."

ಸಂಜೆ ತೇಜಶ್ರೀ ತಮ್ಮನಿಗೆ ಫೋನು ಮಾಡಿದಳು. ಅವನು ಮಿಲ್ಲಿನ ಸದ್ದಿನ ನಡುವೆ ಕಿರುಚಿ ಮಾತಾಡಿ, ಅದರ ಕೂಗು ನಿಲ್ಲಿಸಲು ಎರಡು ಗುಂಡಿಯನ್ನು ಒಟ್ಟಿಗೆ ಒತ್ತಿ ಹಿಡಿಯಬೇಕೆಂದು ಅಂಗಡಿಯವನು ಅಂದಿದ್ದ ಎಂದು ತಿಳಿಸಿದ. ಮೊದಲೇ ಹೇಳಬಾರದಾಗಿತ್ತಾ ಎಂದರೆ, ನಿನಗೆ ಕೂಗೋ ಅಭ್ಯಾಸ ಇಲ್ಲ, ಅದಕ್ಕಾದ್ರೂ ಇರಲಿ ಅಂದ್ಕೊಂಡೆ ಕಣಕ್ಕ ಎಂದ.

ಬೆಳಿಗ್ಗೆ ಅವಳು ಅಕ್ಕಿ, ಬೇಳೆ, ಬದನೆಕಾಯಿ, ಹುರಿದು ಕುಟ್ಟಿದ ಶೇಂಗಾ ಎಲ್ಲವನ್ನೂ ಅಳತೆಗೆ ಹಾಕಿ, ನೀರು ಹೊಯ್ದು, ಮುಚ್ಚಳ ಕೂಡಿಸಿ, ಎರಡು ಗುಂಡಿಯನ್ನೂ ಒತ್ತಿ ಹಿಡಿದಳು. ಮೆಷಿನ್ನು ಬಾಯಿ ಮುಚ್ಚಿಕೊಂಡಿತು. ಮಧ್ಯಾಹ್ನದವರೆಗೆ ಅದು ತಾನೇ ಬೇಯಿಸಿ, ತಾನೇ ಬಿಸಿ ಹಿಡಿದಿಡುತ್ತದೆ. ಕೈ ತೊಳೆದು, ಒರೆಸಿ, ಮಗ್ಗದ ಮನೆಗೆ ಬಂದು ಕೊಟ್ರಮ್ಮನ ಮಣೆಯ ಮೇಲೆ ಕೂತಳು.

ಎರ್ರಮ್ಮ ಮೂವತ್ಮೂರರಿಂದ ಬಲಕ್ಕೆ ಬರುವುದು, ತೇಜಶ್ರೀ ಬಲದಂಚಿನಿಂದ ಎಡಕ್ಕೆ ಹೋಗುವುದು, ನಡುವೆ ಎಲ್ಲಿ ಕೂಡುತ್ತಾರೋ ಅಲ್ಲಿಗೆ ಮುಗಿಯಿತು. ಪದ್ಯ ಅತ್ತೆ ಹೇಳುತ್ತಾಳೆ. ಅವಳ ಕೈ ಪದ್ಯದ ಜೊತೆಗಿರುತ್ತದೆ, ಸೊಸೆಯ ಕೈ ಬಂದಷ್ಟು ಬರಲಿ, ನಲವತ್ತಾದಾಗ ಒಂದು ಕಟ್ಟು.

ಮೊದಲ ಎಳೆ ಎರಡು ಸಲ ಜಾರಿತು. ಮೂರನೆಯ ಸಲ ನಿಂತಿತು. ಬೂದಿಯ ಬೆರಳುಗಳ ನಡುವೆ ಎರಡು ಎಳೆ ಒಂದನ್ನೊಂದು ಸುತ್ತಿಕೊಂಡು ಒಂದಾದದ್ದು ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಗೊತ್ತಾಯಿತು. ಅತ್ತೆ ಕೆರೆಯ ಪದ್ಯದಿಂದಲೇ ಶುರುಮಾಡಿದ್ದಳು. ಆಮೇಲೆ ಏನೇನಾಯಿತೆಂದು ತೇಜಶ್ರೀಗೆ ಬಿಡಿಬಿಡಿಯಾಗಿ ನೆನಪಿಲ್ಲ. ಬಿಸಿಲಿನ ಚೌಕ ಬಂದು ಹಾಸಿನ ಮೇಲೆ ಕೂತದ್ದು, ಹಸಿರೆಲ್ಲ ಒಮ್ಮೆ ನೀರಾದದ್ದು, ಅದರಲ್ಲಿ ಯಾರೋ ಕಾಲು ಅದ್ದಿ ಕೂತಂತೆ ಅನ್ನಿಸಿದ್ದು. ತನ್ನ ಮುತ್ತಾತನ ಮುಖ ಅವಳು ನೋಡಿದವಳಲ್ಲ. ಆದರೂ ಎದುರಿನ ಗೋಡೆಗೆ ಒರಗಿ ಒಬ್ಬ ಮುದುಕ ಕೂತು ಕೇಳುತ್ತಿದ್ದಾನೆ ಅನ್ನಿಸಿತು, ಹೊಲದ ಮಣ್ಣು ಕಾಲಿಗೆ ಹಾಗೆಯೇ ಇತ್ತು. ಅವನು ಯಾವಾಗ ಎದ್ದು ಹೋದನೋ. ಎಳೆಗಳು ಬರುತ್ತಿದ್ದವು, ಪದ್ಯಗಳು ಹೋಗುತ್ತಿದ್ದವು.

ಹೊತ್ತು ಬಹಳ ಮೀರಿದ್ದಾಗ ಎರ್ರಮ್ಮನ ಬೆರಳು ಅವಳ ಬೆರಳಿಗೆ ತಾಗಿತು. ನಡುವೆ ಎಳೆ ಉಳಿದಿರಲಿಲ್ಲ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎಪ್ಪತ್ತಾರನೆಯ ಪದ್ಯ ಆಗತಾನೇ ಮುಗಿದಿತ್ತು. ತೇಜಶ್ರೀ ತನ್ನ ಕಡೆಯ ಕಟ್ಟುಗಳನ್ನು ಎಣಿಸಿದಳು, ಇಪ್ಪತ್ತನಾಲ್ಕು. ಕೈ ಒರೆಸಿಕೊಳ್ಳಲು ಹೋದವಳನ್ನು ಎರ್ರಮ್ಮ ತಡೆದಳು.

"ಎಲ್ಲಿಗೆ? ನೂರು ಆಗಿಲ್ಲ."

"ಎಳೆ ಮುಗಿದ್ವಲ್ಲರೀ ಅತ್ತೆ."

"ಎಳೆ ಮುಗಿದ್ರೆ ಅವ್ವ ಅರ್ಧ ದಾರೀಲಿ ನಿಂತಿರ್ಬೇಕಾ? ನಿನ್ನ ಇಪ್ಪತ್ತನಾಲ್ಕು ಕಟ್ಟಿಗೆ ಅದರ ಪದ್ಯ ಇನ್ನೂ ಬಿದ್ದಿಲ್ಲ. ಅವು ನಿನ್ನವು. ನೀನೇ ಹೇಳು."

ಹಾಗೆಂದು ಎರ್ರಮ್ಮ ಎರಡೂ ಕೈಯನ್ನು ಮಡಿಲಲ್ಲಿಟ್ಟು ಕಂಬಕ್ಕೆ ಒರಗಿದಳು. ಪದ್ಯದ ಹೊತ್ತಿನಲ್ಲಿ ಆ ಕೈಗಳು ಸುಮ್ಮನಿದ್ದದ್ದನ್ನು ತೇಜಶ್ರೀ ಎಂದೂ ನೋಡಿರಲಿಲ್ಲ. ಅವಳು ಎಪ್ಪತ್ತೇಳನೆಯದನ್ನು ಎತ್ತಿಕೊಂಡಳು. ಮೊದಲ ನಾಲ್ಕು ಪದ್ಯದಲ್ಲಿ ತನ್ನ ದನಿ ತನಗೇ ಕೇಳಿಸುತ್ತಿತ್ತು. ಆಮೇಲೆ ಅದು ಅವಳ ದನಿಯಾಗಿ ಉಳಿಯಲಿಲ್ಲ, ಗೋಡೆಯಾಚೆಯಿಂದ ಬರುತ್ತಿದ್ದದ್ದು ಈಗ ಗೋಡೆಯ ಈಚೆಯಿಂದ ಬರುತ್ತಿತ್ತು ಅಷ್ಟೇ. ತೊಂಬತ್ತೊಂದರಲ್ಲಿ ಒಂದು ಪದ ಸಿಗದೆ ನಿಂತಳು. ಅತ್ತೆ ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದಳು. ಮುಚ್ಚಿದ ಕಣ್ಣಿನಿಂದಲೇ ಎರ್ರಮ್ಮ ಆ ಪದವನ್ನು ಕೊಟ್ಟಳು. ಪದ್ಯ ಮುಂದಕ್ಕೆ ಹೋಯಿತು. ನಾಗಾರ್ಜುನ ಹೊರಗಿನ ಕಟ್ಟೆಯ ಮೇಲೆ ಕೂತು, ಹಸಿವಾದದ್ದನ್ನು ಹೇಳಲು ಬಂದವನು ಹೇಳದೆ ಹಾಗೆಯೇ ಕೂತಿದ್ದ.

ನೂರನೆಯದು ಮುಗಿಯಿತು. ತೇಜಶ್ರೀ ಏಳಲು ನೋಡಿದಳು, ಕಾಲು ಜೋಮು ಹಿಡಿದು ಏಳಲಾಗಲಿಲ್ಲ.

"ಕೂತ್ಕೋ, ಅಮ್ಮಾಯಿ. ನಾನು ಬಡಿಸ್ತೀನಿ," ಎಂದು ಎರ್ರಮ್ಮ ಮಂಡಿ ಹಿಡಿದು ಎದ್ದು ಅಡುಗೆಮನೆಗೆ ಹೋದಳು. ತಟ್ಟೆಯ ಸದ್ದು ಕೇಳಿತು. ಸೌಟಿನ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ಕೊನೆಗೆ ಪೂರ್ತಿ ಮೇಲೆ ಹೋಗದ ಗೋಡೆಯ ಮೇಲಿಂದ ಅವಳ ದನಿ ಬಂತು, ಸ್ವಲ್ಪ ನಾಚಿಕೊಂಡು:

"ತೇಜಾ, ಇದರ ಮುಚ್ಚಳ ಯಾವ ಕಡೆ ತಿರುಗಿಸಿದ್ರೆ ಬರುತ್ತೆ?"